ಮಾವನವರ ಫಿಯೆಟ್ಟೂ ನನ್ನ ಎರಡು ಮೊಣಕಾಲೂ



ಈ ಸಲದ ದೀಪಾವಳಿಗೆ ನನ್ನ ಮಗಳ ಮಗ ಬೆಂಗಳೂರಿನಿಂದ ಸಾಗರಕ್ಕೆ ಬಂದಿದ್ದ. ಇಪ್ಪತ್ನಾಲ್ಕು ವರ್ಷದ ಹುಡುಗ. ಎತ್ತರ ಆರು ಅಡಿ ಒಂದು ಇಂಚು. ಬಂದವನು ಕಾಫಿಯನ್ನೂ ಪೂರ್ತಿ ಕುಡಿಯದೆ ಹಿತ್ತಲ ಶೆಡ್ಡಿಗೆ ಹೋಗಿ, ಹೊದಿಕೆ ತೆಗೆದು, ಹಳೆಯ ಫಿಯೆಟ್ಟಿನ ಚಾಲಕನ ಜಾಗದಲ್ಲಿ ಕುಳಿತ. ನಾನು ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವನು ತಲೆ ಹೊರಗೆ ಹಾಕಿ, “ಅಜ್ಜಾ, ನನ್ನ ಸ್ನೇಹಿತನ ಮನೆಯಲ್ಲೂ ಇಂಥದೇ ಕಾರಿದೆ. ಅದರಲ್ಲಿ ಕೂತರೆ ಸ್ಟಿಯರಿಂಗ್ ಚಕ್ರ ತೊಡೆಗೆ ಒತ್ತುತ್ತದೆ. ಇದರಲ್ಲಿ ಮಾತ್ರ ನನಗೆ ಅಳತೆ ತೆಗೆದು ಹೊಲಿಸಿದ ಹಾಗೆ ಇದೆಯಲ್ಲ, ಹೇಗೆ?” ಎಂದು ಕೇಳಿದ. ಮತ್ತೆ ಕೆಳಗೆ ಬಗ್ಗಿ ನೋಡಿ, “ಇಲ್ಲಿ ನೆಲದಲ್ಲಿ ನಾಲ್ಕು ರಬ್ಬರ್ ಬಿರಡೆಗಳಿವೆ, ಇವು ಎಂತದು?” ಎಂದ.

ಆ ಪ್ರಶ್ನೆಗೆ ಅಂದು ನಾನು ಅರ್ಧ ಉತ್ತರ ಮಾತ್ರ ಕೊಟ್ಟೆ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ನನ್ನ ಎತ್ತರ ಗೊತ್ತಿದೆ. ಆರು ಅಡಿ ಎರಡು ಇಂಚು. ತೀರ್ಥಹಳ್ಳಿಯಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದಾಗ ವಾಸವಿದ್ದ ಬಾಡಿಗೆ ಮನೆಯ ದಾರಂದ ನನ್ನ ಹಣೆಯ ಮೇಲೆ ಮಾಡಿದ ಗುರುತು ಈಗಲೂ ಇದೆ. ನೀವು ನನಗೆ ‘ಅಡಿಕೆಮರ’ ಎಂದು ಹೆಸರಿಟ್ಟಿದ್ದಿರಿ. ಅದು ಮೇಷ್ಟ್ರಿಗೆ ಗೊತ್ತಿಲ್ಲವೆಂದು ಇಷ್ಟು ವರ್ಷ ನೀವು ನಂಬಿಕೊಂಡಿದ್ದರೆ, ಇಂದು ಆ ನಂಬಿಕೆಯನ್ನು ಬಿಡಬಹುದು!

ನಮ್ಮ ಮಾವನವರು ಇದಕ್ಕೆ ತದ್ವಿರುದ್ಧ. ಐದು ಅಡಿ ಎರಡು ಇಂಚಿನ ಗಟ್ಟಿಮುಟ್ಟಾದ ಮನುಷ್ಯ. ಹೊಸನಗರ ತಾಲ್ಲೂಕಿನ ನಗರದ ಹತ್ತಿರ, ಅಂದರೆ ಹಳೆಯ ಬಿದನೂರಿನ ಹತ್ತಿರ, ಅವರ ಅಡಿಕೆ ತೋಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ಹಿನ್ನೀರು ಏರಿದ ಮೇಲೆ ಅವರ ಊರಿಗಿದ್ದ ಹಳೆಯ ದಾರಿ ನೀರಿನಡಿಗೆ ಹೋಗಿತ್ತು. ಬಸ್ಸು ಹಿಡಿಯಬೇಕಾದರೆ ಸುತ್ತು ಹಾಕಿಕೊಂಡು ಮುಖ್ಯ ರಸ್ತೆಗೆ ನಡೆಯಬೇಕು. ಮಳೆಗಾಲದಲ್ಲಿ ಆ ನಡಿಗೆ ಎಂಥದೆಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. 1979ರಲ್ಲಿ ಮಾವನವರು ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಮನೆಯೊಂದರಿಂದ ಈ 1974ರ ಕಾರನ್ನು ಕೊಂಡು ತಂದರು. ಹೊಸ ಕಾರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು.

ಕಾರಿನ ಹೆಸರು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100ರ ಮಾದರಿಯಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಕಾರು ಅದು. ಎಪ್ಪತ್ತರ ದಶಕದಲ್ಲಿ ಅದಕ್ಕೆ ರಾಣಿ ಪದ್ಮಿನಿಯ ಹೆಸರಿಟ್ಟರು. ಹೆಸರು ಬದಲಾದರೂ ನಮ್ಮ ಕಡೆಯವರು ಕೊನೆಯವರೆಗೂ ಅದನ್ನು ‘ಫಿಯೆಟ್ಟು’ ಎಂದೇ ಕರೆದರು. 1089 ಸಿ.ಸಿ.ಯ ಎಂಜಿನ್, ಸ್ಟಿಯರಿಂಗ್ ಕಂಬಕ್ಕೇ ಅಂಟಿಕೊಂಡ ಗೇರ್ ಕಡ್ಡಿ, ಮುಂದೆ ಮೂವರು ಕೂರಬಹುದಾದ ಒಂದೇ ಉದ್ದನೆಯ ಆಸನ. ಆ ಊರಿನಲ್ಲಿ ಆಗ ಅದೊಂದೇ ಕಾರು. ಮ್ಯಾಮ್ಕೋಸ್ ಮಂಡಿಗೆ ಲೆಕ್ಕ ಕೇಳಲು ಮಾವನವರು ಹೋಗುತ್ತಿದ್ದುದೂ ಅದರಲ್ಲೇ, ಊರಿನ ಬಸುರಿಯರು ಹೆರಿಗೆಗೆ ಹೋಗುತ್ತಿದ್ದುದೂ ಅದರಲ್ಲೇ. ಹಾವು ಕಚ್ಚಿದವರನ್ನು, ಮರದಿಂದ ಬಿದ್ದ ಕೊನೆಗೌಡರನ್ನು, ಜ್ವರದ ಮಕ್ಕಳನ್ನು ಮಾವನವರೇ ರಾತ್ರಿಯೆನ್ನದೆ ಕರೆದೊಯ್ಯುತ್ತಿದ್ದರು. ಪೆಟ್ರೋಲಿನ ದುಡ್ಡು ಕೊಡಲು ಬಂದವರಿಗೆ, “ಅದನ್ನು ಮಗುವಿಗೆ ಹಾಲು ಕೊಡಿಸಿ” ಎಂದು ಹೇಳುವುದು ರೂಢಿಯಾಗಿತ್ತು.

ನಾನು ಕಾರು ಓಡಿಸಲು ಕಲಿತಿದ್ದೆ. ಆದರೆ ಕಲಿತದ್ದು ಅಂಬಾಸಿಡರಿನಲ್ಲಿ, ತೀರ್ಥಹಳ್ಳಿಯ ಬಾಡಿಗೆ ಕಾರಿನ ಚಾಲಕರೊಬ್ಬರ ಬಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರದಲ್ಲಿ ತಯಾರಾಗಿ, 2014ರಲ್ಲಿ ನಿಂತುಹೋದ ಆ ಅಂಬಾಸಿಡರು ನನ್ನಂಥವರಿಗಾಗಿಯೇ ಮಾಡಿದ ಕಾರು. ಫಿಯೆಟ್ಟು ಹಾಗಲ್ಲ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಅದಕ್ಕಿರುವುದು ಸುಮಾರು 2340 ಮಿಲಿಮೀಟರು. ಅಂಬಾಸಿಡರಿಗಿಂತ ನಾಲ್ಕೈದು ಇಂಚು ಕಡಿಮೆ. ಅಗಲವೂ ಕಡಿಮೆ, ಎತ್ತರವೂ ಕಡಿಮೆ. ಸೀಟನ್ನು ಹಳಿಯ ಮೇಲೆ ಎಷ್ಟು ಹಿಂದಕ್ಕೆ ತಳ್ಳಿದರೂ ನನ್ನ ಎರಡು ಮೊಣಕಾಲುಗಳು ಸ್ಟಿಯರಿಂಗ್ ಚಕ್ರದ ಎರಡು ಬದಿಗೆ ಕಪ್ಪೆಯ ಕಾಲಿನಂತೆ ನಿಲ್ಲುತ್ತಿದ್ದವು. ತಲೆ ಸೂರಿಗೆ ತಾಗುತ್ತಿತ್ತು. ಒಮ್ಮೆ ಅಂಗಳದಲ್ಲಿ ಕುಳಿತು ನೋಡಿದಾಗ ಮಾವನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಮೇಷ್ಟ್ರೇ, ನಿಮಗೆ ಕಾರಲ್ಲ, ಲಾರಿಯೇ ಸರಿ” ಎಂದರು. ಎಲ್ಲರೂ ನಕ್ಕೆವು. ಎಂಟು ವರ್ಷ ಆ ಮಾತು ಮನೆಯಲ್ಲಿ ತಮಾಷೆಯಾಗಿಯೇ ಉಳಿಯಿತು.

1987ರ ಆಷಾಢದ ಒಂದು ಶನಿವಾರ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ರಾತ್ರಿ ಒಂದು ಗಂಟೆಯ ಹೊತ್ತಿಗೆ ಅತ್ತೆಯವರು ಬಂದು ಬಾಗಿಲು ತಟ್ಟಿದರು. ಮಾವನವರಿಗೆ ಎದೆನೋವು. ಮೈಯೆಲ್ಲ ಬೆವರು, ಎಡಗೈ ಎತ್ತಲಾಗುತ್ತಿಲ್ಲ. ಹೊರಗೆ ಮಳೆ ಹಂಚು ಒಡೆಯುವಂತೆ ಸುರಿಯುತ್ತಿತ್ತು. ಭಾವನವರು ದೂರದ ಮುಂಬಯಿಯಲ್ಲಿ. ಕಾರು ಬಲ್ಲ ಪಕ್ಕದ ಮನೆಯ ಹುಡುಗ ಕುಂದಾಪುರಕ್ಕೆ ಹೋಗಿದ್ದ. ಊರಿಗೆಲ್ಲ ಕಾರು ಓಡಿಸುತ್ತಿದ್ದವರೇ ಇಂದು ಹಾಸಿಗೆಯ ಮೇಲೆ! ಉಳಿದವನು ನಾನೊಬ್ಬ.

ಮಾವನವರನ್ನು ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿಯ ಮಡಿಲಿಗೆ ಒರಗಿಸಿ, ಹೊಸನಗರ ದಾಟಿ ಸಾಗರದ ಕಡೆಗೆ ಹೊರಟೆವು. ಆ ಹಾದಿಯಲ್ಲಿ ನಾನು ಕಲಿತ ಮೂರು ಸಂಗತಿಗಳನ್ನು ಇಂದಿಗೂ ಮರೆತಿಲ್ಲ. ಮೊದಲನೆಯದು, ತಿರುವಿನಲ್ಲಿ ಚಕ್ರ ತಿರುಗಿಸುವಾಗ ಅದರ ಅಂಚು ತೊಡೆಗೆ ಉಜ್ಜಿ ಅರ್ಧದಲ್ಲಿ ಹಿಡಿದುಕೊಳ್ಳುತ್ತದೆ. ಎರಡನೆಯದು, ಗೇರ್ ಕಡ್ಡಿಯನ್ನು ಕೆಳಕ್ಕೆ ಇಳಿಸುವಾಗ ಎಡ ಮೊಣಕಾಲು ಅದರ ದಾರಿಗೆ ಅಡ್ಡ ಬರುತ್ತದೆ. ಮೂರನೆಯದೇ ಅಪಾಯದ್ದು. ಬಲಗಾಲನ್ನು ಆಕ್ಸಿಲರೇಟರಿನಿಂದ ಬ್ರೇಕಿಗೆ ತರಬೇಕಾದರೆ ಮೊಣಕಾಲು ಮೇಲೇಳಬೇಕು. ಮೇಲೆ ಚಕ್ರವಿದ್ದರೆ ಅದು ಏಳುವುದಿಲ್ಲ. ಮೊದಲು ಕಾಲನ್ನು ಬಾಗಿಲ ಕಡೆಗೆ ಹೊರಳಿಸಿ, ಆಮೇಲೆ ಎತ್ತಿ, ಆಮೇಲೆ ಬ್ರೇಕಿನ ಮೇಲೆ ತರಬೇಕು. ಹಗಲಿನಲ್ಲಿ, ಅಂಗಳದಲ್ಲಿ, ಅದು ನಗುವ ವಿಷಯ. ಮಳೆಯ ರಾತ್ರಿಯಲ್ಲಿ ಹಾಗಲ್ಲ.

ಬಟ್ಟೆಮಲ್ಲಪ್ಪ ಸಮೀಪಿಸುತ್ತಿದ್ದಂತೆ ಒಂದು ತಿರುವಿನಲ್ಲಿ ಬಿದಿರು ಮೆಳೆಯೊಂದು ರಸ್ತೆಗೆ ಅಡ್ಡಲಾಗಿ ಮಲಗಿತ್ತು. ಕಂಡೆ. ಕಾಲು ಹೊರಳಿಸಿದೆ, ಎತ್ತಿದೆ, ಒತ್ತಿದೆ. ಅಷ್ಟರಲ್ಲಿ ತಡವಾಗಿತ್ತು. ಬಿದಿರಿಗೆ ಬಡಿಯಲಿಲ್ಲ, ಕಾರು ಜಾರಿ ಎಡಗಡೆಯ ಚರಂಡಿಗೆ ಇಳಿದು ವಾಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಕತ್ತಲಲ್ಲಿ, ಆ ಮಳೆಯಲ್ಲಿ, ಹಿಂದಿನ ಸೀಟಿನಿಂದ ಮಾವನವರ ಉಸಿರಿನ ಸದ್ದನ್ನು ಕೇಳುತ್ತ ನಾವು ಕಾದೆವು. ನಾಟಾ ಹೇರಿಕೊಂಡು ಬಂದ ಲಾರಿಯವರು ಕೆಳಗಿಳಿದು, ಬಿದಿರನ್ನು ಕಡಿದು ಸರಿಸಿ, ಹಗ್ಗ ಕಟ್ಟಿ ನಮ್ಮನ್ನು ಮೇಲೆಳೆಯುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಆ ಪುಣ್ಯಾತ್ಮರ ಹೆಸರನ್ನೂ ನಾನು ಕೇಳಲಿಲ್ಲ.

ಸಾಗರದಲ್ಲಿ ವೈದ್ಯರು ಮಾವನವರನ್ನು ಉಳಿಸಿದರು. ಹೃದಯಕ್ಕೆ ಪೆಟ್ಟಾಗಿದೆ, ಇನ್ನು ಜೋಪಾನವಾಗಿರಬೇಕು ಎಂದರು. ತಡವಾದದ್ದರಿಂದ ಹೀಗಾಯಿತೇ ಎಂದು ನಾನು ಕೇಳಿದೆ. ಹಾಗೆ ಹೇಳಲಾಗದು, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಒಳ್ಳೆಯವರು, ಅದಕ್ಕೇ ಹಾಗೆಂದರೋ ಏನೋ. ಆ ಮುಕ್ಕಾಲು ಗಂಟೆಯ ಲೆಕ್ಕವನ್ನು ನಾನು ಇಂದಿಗೂ ಹಾಕುತ್ತಿರುತ್ತೇನೆ.

ಮಾವನವರು ಮನೆಗೆ ಮರಳಿದರು, ನಿಧಾನವಾಗಿ ಚೇತರಿಸಿಕೊಂಡರು. ದಸರಾ ರಜೆಗೆ ನಾವು ಹೋದಾಗ ಅವರು ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಕಂಡೊಡನೆ ಕಾರಿನ ಕೀಲಿಯನ್ನು ಹರಿವಾಣದ ಪಕ್ಕದಲ್ಲಿಟ್ಟು, “ಇದನ್ನು ತೀರ್ಥಹಳ್ಳಿಗೆ ತೆಗೆದುಕೊಂಡು ಹೋಗಿ. ನಿಮಗೆ ಸರಿಯಾಗುವ ಹಾಗೆ ಸೀಟು ಹಿಂದಕ್ಕೆ ಹಾಕಿಸಿಕೊಂಡು ಬನ್ನಿ” ಎಂದರು.

“ಹಾಗೆ ಮಾಡಿದರೆ ನಿಮಗೆ ಕಾಲು ಎಟುಕುವುದಿಲ್ಲವಲ್ಲ” ಎಂದೆ. ಮುಂದಿನ ಆಸನ ಒಂದೇ ತುಂಡಿನದು. ಹಿಂದಕ್ಕೆ ಸರಿದರೆ ಇಡಿಯಾಗಿ ಸರಿಯುತ್ತದೆ.

“ಎಟುಕೋದು ಬೇಡ ಅಂತಲೇ ಮಾಡಿಸೋದು ಮೇಷ್ಟ್ರೇ” ಎಂದರು ಮಾವನವರು.

ಅವರಿಗೆ ಕಾರು ಓಡಿಸಬೇಡಿ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನನ್ನ ಹೆಂಡತಿ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಇನ್ನು ಕೆಲಸದ ವಿವರಕ್ಕೆ ಬರುತ್ತೇನೆ. ತೀರ್ಥಹಳ್ಳಿಯಲ್ಲಿ ಕಾರು ರಿಪೇರಿ ಮಾಡುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ಅವನು ಮೂವತ್ತೈದರ ಗಡಿಯನ್ನು ದಾಟಿದ್ದೇ ಒಂದು ಪವಾಡ. ಆದರೆ ಅಂದು ಅವನು ಮಾಡಿದ ಅಳತೆಗೆ ನಾನು ನೂರಕ್ಕೆ ನೂರು ಕೊಡುತ್ತೇನೆ. ಪಾನಾ ಹಿಡಿಯುವ ಮೊದಲು ನನ್ನನ್ನು ಅರ್ಧ ಗಂಟೆ ಸೀಟಿನಲ್ಲಿ ಕೂರಿಸಿದ. ಮೂರು ಪೆಡಲುಗಳನ್ನೂ ಪೂರ್ತಿ ಒತ್ತಿ ತೋರಿಸಲು ಹೇಳಿದ. ಮೊಣಕಾಲಿಗೂ ಚಕ್ರಕ್ಕೂ, ತಲೆಗೂ ಸೂರಿಗೂ, ಬೆನ್ನಿಗೂ ಒರಗುವ ಹಲಗೆಗೂ ಇರುವ ಅಂತರವನ್ನು ದಾರದಿಂದ ಅಳೆದು ಬೆಂಕಿಪೊಟ್ಟಣದ ಮೇಲೆ ಬರೆದುಕೊಂಡ.

ನಾನು ಬುದ್ಧಿವಂತಿಕೆ ತೋರಿಸಲು ಹೋಗಿ, “ಚಿಕ್ಕದೊಂದು ಸ್ಟಿಯರಿಂಗ್ ಚಕ್ರ ಹಾಕಿಬಿಟ್ಟರೆ ಮುಗಿಯಿತಲ್ಲವೇ?” ಎಂದೆ. ಅವನು ನಕ್ಕ. “ಸಾರ್, ಇದಕ್ಕೆ ಈಗಲೇ ಭುಜದ ಬಲ ಬೇಕು. ಚಕ್ರ ಚಿಕ್ಕದಾದರೆ ತಿರುಗಿಸೋಕೆ ಇನ್ನೂ ಬಲ ಬೇಕಾಗ್ತದೆ. ಸನ್ನೆಕೋಲು ಉದ್ದ ಇದ್ದಷ್ಟೂ ಕೆಲಸ ಹಗುರ ಅಂತ ಎಂಟನೇ ಕ್ಲಾಸಲ್ಲಿ ನೀವೇ ಪಾಠ ಮಾಡಿದ್ರಿ” ಎಂದ. ಮೇಷ್ಟ್ರಾದವನಿಗೆ ಬದುಕಿನಲ್ಲಿ ಇಂಥ ಮಾತು ಒಂದೆರಡು ಸಲ ಕೇಳಲು ಸಿಕ್ಕಿದರೆ ಸಾಕು. ಚಕ್ರ ಹಳೆಯದೇ ಉಳಿಯಿತು.

ಮೊದಲು ಅವನು ಸೀಟಿನ ಹೊಟ್ಟೆ ಬಿಚ್ಚಿದ. ಒಳಗೆ ಸ್ಪ್ರಿಂಗು, ಅದರ ಮೇಲೆ ತೆಂಗಿನ ನಾರಿನ ದಪ್ಪ ಪದರ, ಅದರ ಮೇಲೆ ಹತ್ತಿ, ಕೊನೆಗೆ ರೆಕ್ಸಿನ್. ನಾರು ಗಂಟುಗಟ್ಟಿ ಎತ್ತರವಾಗಿತ್ತು. ಅದನ್ನು ತೆಗೆದು ತೆಳುವಾದ ಗಟ್ಟಿ ಫೋಮ್ ಹಾಕಿಸಿದಾಗ ಕೂರುವ ಎತ್ತರ ಒಂದೂವರೆ ಇಂಚು ಇಳಿಯಿತು, ತಲೆಗೂ ಸೂರಿಗೂ ನಡುವೆ ಮೂರು ಬೆರಳು ಜಾಗವಾಯಿತು. ಸ್ಪ್ರಿಂಗನ್ನೇ ಕತ್ತರಿಸಿದರೆ ಇನ್ನೂ ಇಳಿಯುತ್ತಿತ್ತು. ಆದರೆ ಹಾಗೆ ಮಾಡಿದರೆ ನಮ್ಮ ರಸ್ತೆಯ ಗುಂಡಿಗಳ ಪೆಟ್ಟೆಲ್ಲ ಬೆನ್ನುಹುರಿಗೆ ಬರುತ್ತದೆಂದು ಅವನು ಒಪ್ಪಲಿಲ್ಲ.

ಆಮೇಲೆ ಹಳಿ. ಸೀಟು ಜಾರುವ ಹಳಿಯನ್ನು ನಾಲ್ಕು ಬೋಲ್ಟುಗಳಿಂದ ನೆಲಕ್ಕೆ ಬಿಗಿದಿದ್ದರು. ಅವನ್ನು ಬಿಚ್ಚಿ, ಎರಡೂವರೆ ಇಂಚು ಹಿಂದಕ್ಕೆ ನಾಲ್ಕು ಹೊಸ ತೂತು ಕೊರೆದ. ಇಲ್ಲೊಂದು ಎಚ್ಚರಿಕೆ ಬೇಕು. ಫಿಯೆಟ್ಟಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ಅದರ ನೆಲ, ಗೋಡೆ, ಸೂರು ಎಲ್ಲ ಸೇರಿಯೇ ಅದರ ಎಲುಬು. ನೆಲದ ತಗಡು ತೆಳ್ಳಗಿನದು. ಬರೀ ತಗಡಿಗೆ ಬೋಲ್ಟು ಬಿಗಿದರೆ ಡಿಕ್ಕಿಯಾದ ದಿನ ಸೀಟು ಕಿತ್ತು ಬರುತ್ತದೆ. ಆದ್ದರಿಂದ ಅವನು ಅಡಿಯಲ್ಲಿ ಅಂಗೈಯಗಲದ ಉಕ್ಕಿನ ಪಟ್ಟಿ ಕೊಟ್ಟು, ಭಾರ ಹರಡುವಂತೆ ಮಾಡಿ ಬಿಗಿದ. ನೆಲಕ್ಕೆ ಅಡ್ಡಲಾಗಿರುವ ಗಟ್ಟಿ ಪಟ್ಟಿಯನ್ನು ಮುಟ್ಟಲೇ ಇಲ್ಲ.

ಕೊನೆಯದು ತೊಡೆಯ ಆಸರೆ. ಉದ್ದ ಕಾಲಿನವರು ಹಿಂದಕ್ಕೆ ಸರಿದು ಕುಳಿತರೂ ತೊಡೆಯ ಅರ್ಧ ಭಾಗ ಗಾಳಿಯಲ್ಲಿರುತ್ತದೆ. ಒಂದು ಗಂಟೆ ಓಡಿಸಿದರೆ ಸೊಂಟ ಹಿಡಿಯುತ್ತದೆ. ಅದಕ್ಕೆ ಹಳಿಯ ಮುಂತುದಿಯ ಅಡಿಗೆ ಮರದ ತುಂಡು ಕೊಟ್ಟು ಸೀಟಿನ ಮುಂಭಾಗವನ್ನು ಸ್ವಲ್ಪ ಎತ್ತಿದ. ಒಂದು ಇಂಚು ಎತ್ತಿದಾಗ ಮೊಣಕಾಲು ಮತ್ತೆ ಚಕ್ರಕ್ಕೆ ತಾಗಿತು. ಅರ್ಧ ಇಂಚಿಗೆ ಇಳಿಸಿದಾಗ ಸರಿಹೋಯಿತು. ಜೊತೆಗೆ ಒರಗುವ ಹಲಗೆಯೂ ತುಸು ಹಿಂದಕ್ಕೆ ವಾಲಿತು. ಕನ್ನಡಿಯನ್ನು ನನ್ನ ಕಣ್ಣಿನ ಮಟ್ಟಕ್ಕೆ ಹೊರಳಿಸಿದ. “ದೊಡ್ಡ ಬೂಟು ಹಾಕಬೇಡಿ ಸಾರ್, ಒಂದೇ ಸಲಕ್ಕೆ ಬ್ರೇಕೂ ಆಕ್ಸಿಲರೇಟರೂ ಒತ್ತಿಬಿಡ್ತದೆ” ಎಂದೂ ಎಚ್ಚರಿಸಿದ.

ಹೀಗೆ ನನಗೆ ಜಾಗವಾಯಿತು. ಆದರೆ 2340 ಮಿಲಿಮೀಟರು 2340 ಆಗಿಯೇ ಉಳಿಯಿತಲ್ಲ! ನನಗೆ ಸಿಕ್ಕಿದ ಎರಡೂವರೆ ಇಂಚನ್ನು ಹಿಂದೆ ಕೂರುವವರ ಮೊಣಕಾಲು ಕೊಟ್ಟಿತ್ತು. ಅಲ್ಲಿ ಕೂರುತ್ತಿದ್ದವರು ನಮ್ಮ ಅತ್ತೆ. ಅವರು ಗುಬ್ಬಿಯಂಥವರು, ಏನೂ ಅನ್ನಲಿಲ್ಲ. ಇನ್ನುಳಿದದ್ದನ್ನು ಕೊಟ್ಟವರು ಮಾವನವರು.

ಕೆಲಸ ಮುಗಿದ ಮೇಲೆ ಹಳೆಯ ನಾಲ್ಕು ತೂತುಗಳನ್ನು ಬೆಸುಗೆ ಹಾಕಿ ಮುಚ್ಚಿಬಿಡು ಎಂದೆ, ನೀರು ಬರಬಾರದೆಂದು. ನನ್ನ ಶಿಷ್ಯ ತಲೆಯಾಡಿಸಿದ. “ಬೇಡ ಸಾರ್. ರಬ್ಬರ್ ಬಿರಡೆ ಹಾಕ್ತೇನೆ. ಅಯ್ಯನವರಿಗೆ ಮತ್ತೆ ಓಡಿಸಬೇಕು ಅನ್ನಿಸಿದರೆ ಅರ್ಧ ಗಂಟೆಯ ಕೆಲಸ, ನಾಲ್ಕು ಬೋಲ್ಟು ಬಿಚ್ಚಿ ಮುಂದಕ್ಕೆ ಹಾಕಿಕೊಟ್ಟರೆ ಆಯ್ತು” ಎಂದ.

ಅಂದಿನಿಂದ ಊರಿನ ತುರ್ತಿಗೆ ಪಕ್ಕದ ಮನೆಯ ಹುಡುಗ, ರಜೆಯಲ್ಲಿ ನಾನು. ಮಾವನವರು ಎಡಗಡೆ ಕೂರುತ್ತಿದ್ದರು. ಸೀಟು ಹಿಂದೆ ಸರಿದಿದ್ದರಿಂದ ಅಲ್ಲಿಯೂ ಕಾಲು ಚಾಚುವಷ್ಟು ಜಾಗವಾಗಿತ್ತು. “ಈಗ ನಾನು ದಿವಾನರ ಹಾಗೆ ಕೂರುತ್ತೇನೆ ನೋಡಿ” ಎನ್ನುತ್ತಿದ್ದರು. ನಾನು ಗೇರು ಬದಲಿಸುವಾಗ ಅವರ ಎಡಗಾಲು ಕೆಳಗೆ ತಾನಾಗಿ ಒತ್ತಿಕೊಳ್ಳುತ್ತಿತ್ತು, ಇಲ್ಲದ ಕ್ಲಚ್ಚಿನ ಮೇಲೆ.

1990ರ ಬೇಸಿಗೆಯ ಒಂದು ಬೆಳಗಿನ ಜಾವ ನಾನು ಎದ್ದು ಅಂಗಳಕ್ಕೆ ಬಂದಾಗ ಕಾರಿನ ಬಾಗಿಲು ತೆರೆದಿತ್ತು. ಮಾವನವರು ಚಾಲಕನ ಜಾಗದಲ್ಲಿ, ಸೀಟಿನ ತುದಿಯಲ್ಲಿ ಕುಳಿತು ಎರಡೂ ಕೈಗಳಿಂದ ಚಕ್ರ ಹಿಡಿದುಕೊಂಡಿದ್ದರು. ಎಂಜಿನ್ ಚಾಲೂ ಇರಲಿಲ್ಲ. ಕ್ಲಚ್ಚಿಗೆ ಅವರ ಬೆರಳ ತುದಿ ಮಾತ್ರ ತಾಗುತ್ತಿತ್ತು. ನನ್ನನ್ನು ಕಂಡು, “ಬ್ಯಾಟರಿ ಸರಿಯಿದೆಯಾ ಅಂತ ನೋಡ್ತಾ ಇದ್ದೆ” ಎಂದು ಇಳಿದು ತೋಟದ ಕಡೆಗೆ ಹೋದರು.

ಬಂಧುಗಳೇ, ಅರ್ಧ ಗಂಟೆಯ ಕೆಲಸ. ನಾಲ್ಕು ಬೋಲ್ಟು. ರಸ್ತೆಗೆ ಬೇಡ, ತೋಟದ ದಾರಿಯಲ್ಲಿ ಒಂದು ಸುತ್ತು ಓಡಿಸಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅವರಿಗೆ ಬೇಸರವಾದೀತು, ಆ ಬೆಳಗನ್ನು ನಾನು ಕಂಡೆನೆಂದು ನಾಚಿಕೆಯಾದೀತು ಎಂದೆಲ್ಲ ನೆಪ ಹೇಳಿಕೊಂಡೆ. 1996ರಲ್ಲಿ ಅವರು ತೀರಿಕೊಂಡರು. ಆ ಬಿರಡೆಗಳನ್ನು ಅವರಿರುವವರೆಗೆ ಒಮ್ಮೆಯೂ ತೆಗೆಯಲಿಲ್ಲ. ಭಾವನವರು ಕಾರನ್ನು ನಮಗೇ ಕೊಟ್ಟರು. ನಿವೃತ್ತಿಯಾಗಿ ಸಾಗರಕ್ಕೆ ಬಂದಾಗ ಅದೂ ನಮ್ಮೊಂದಿಗೆ ಬಂತು.

ಈಗ ಮೊಮ್ಮಗನ ಮಾತಿಗೆ ಮರಳುತ್ತೇನೆ. ಕಾರಿಗೆ ಐವತ್ತು ವರ್ಷ ದಾಟಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮದಂತೆ ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿ ಉಳಿದಿರುವ ಇಂಥ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಸಂಖ್ಯೆಯ ಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಆದರೆ ಹಾಗೆ ಮಾಡಿದ ಮೇಲೆ ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ, ಇಂಧನಕ್ಕೆ ಮಾತ್ರ ರಸ್ತೆಗೆ ತರಬಹುದು. ಮುಂಬಯಿಯ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಯೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಹಾಗಾಗಿ ನಮ್ಮದನ್ನು ಕಾರ್ಖಾನೆಯಿಂದ ಬಂದ ಹಾಗೆಯೇ ಮಾಡಿ ಇಡಬೇಕೆಂಬುದು ಹುಡುಗನ ಆಸೆ. “ಸೀಟನ್ನು ಹಳೇ ತೂತಿಗೇ ಹಾಕೋಣ ಅಜ್ಜಾ, ಅದೇ ಅಲ್ವಾ ಒರಿಜಿನಲ್?” ಎಂದ.

ತೀರ್ಥಹಳ್ಳಿಗೆ ಫೋನು ಮಾಡಿದೆ. ನನ್ನ ಶಿಷ್ಯನಿಗೂ ಈಗ ಅರವತ್ತು ಸಮೀಪಿಸಿದೆ. ದೀಪಾವಳಿಯ ಮರುದಿನ ತಾನೇ ಬಂದ. ಬಿರಡೆಗಳನ್ನು ತೆಗೆದು, ಅಡಿಯಲ್ಲಿ ಬೆಳಕು ಹಿಡಿದು, ತುಕ್ಕು ಹಿಡಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೂವತ್ತೆಂಟು ವರ್ಷಗಳ ಮೇಲೆ ಸೀಟನ್ನು ಹಳೆಯ ಜಾಗಕ್ಕೆ ಬಿಗಿದ. ಹುಡುಗ ಕುಳಿತ, ಎರಡು ಮೊಣಕಾಲು ಚಕ್ರದ ಎರಡು ಬದಿಗೆ ಎದ್ದು ನಿಂತವು. ನಾನೂ ಕುಳಿತೆ, ಮುಪ್ಪಿಗೆ ಒಂದು ಇಂಚು ಕುಗ್ಗಿದ್ದರೂ ಅದೇ ಕಪ್ಪೆಯ ಅವತಾರ. ಎಲ್ಲರೂ ನಕ್ಕೆವು.

ಆಗ ನನ್ನ ಹೆಂಡತಿ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, “ಸ್ವಲ್ಪ ಇಳಿಯಿರಿ” ಎಂದಳು. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಚಾಲಕನ ಜಾಗದಲ್ಲಿ ಅವಳು ಕುಳಿತದ್ದನ್ನು ನಾನು ಕಂಡೇ ಇರಲಿಲ್ಲ. ಕುಳಿತಳು. ಚಪ್ಪಲಿ ಬಿಟ್ಟು ಒಂದೊಂದೇ ಪೆಡಲನ್ನು ಒತ್ತಿ ನೋಡಿದಳು. ಮೂರೂ ಪೂರ್ತಿಯಾಗಿ ಎಟುಕಿದವು. ಎತ್ತರದಲ್ಲಿ ಅವಳು ಅಪ್ಪನ ಮಗಳು. ಎರಡೂ ಕೈಯಲ್ಲಿ ಚಕ್ರ ಹಿಡಿದು, ಗಾಜಿನಾಚೆಗೆ ನಮ್ಮ ಹಿತ್ತಲ ಹಲಸಿನ ಮರವನ್ನು ನೋಡುತ್ತ ಸ್ವಲ್ಪ ಹೊತ್ತು ಕುಳಿತಳು. ನಾವು ಯಾರೂ ಮಾತಾಡಲಿಲ್ಲ.

“ಅಪ್ಪನಿಗೆ ರಸ್ತೆ ಹೀಗೆ ಕಾಣ್ತಿತ್ತು” ಎಂದಳು. ಆಮೇಲೆ ಇಳಿದು, ನನ್ನ ಶಿಷ್ಯನ ಕಡೆಗೆ ತಿರುಗಿ, “ಸಾಕು, ಹಿಂದಕ್ಕೆ ಹಾಕಿಬಿಡಪ್ಪ. ಹುಡುಗ ಓಡಿಸಲಿ” ಎಂದಳು.

ಮೂಲ ರೂಪ, ವಿಂಟೇಜ್ ಫಲಕ ಎಂದು ಹುಡುಗ ಮತ್ತೆ ಹೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಇಕ್ಕೇರಿಯವರೆಗೆ ಹೋಗಿ ಬಂದೆವು. ಅವನು ಓಡಿಸಿದ, ನಾನು ಎಡಗಡೆ ಕಾಲು ಚಾಚಿ ಕುಳಿತಿದ್ದೆ. ಅವನು ಗೇರು ಬದಲಿಸಿದಾಗಲೆಲ್ಲ ನನ್ನ ಎಡಗಾಲು ತಾನಾಗಿ ಕೆಳಗೆ ಒತ್ತುತ್ತಿತ್ತು.

ನಿಮ್ಮಲ್ಲಿ ಯಾರಾದರೂ ಎತ್ತರದವರು ಇಂಥ ಹಳೆಯ ಕಾರನ್ನು ಇಟ್ಟುಕೊಂಡಿದ್ದರೆ ಈ ಮೇಷ್ಟ್ರದ್ದು ಎರಡೇ ಮಾತು. ಮೊದಲು ಅಳೆಯಿರಿ, ಆಮೇಲೆ ಬಿಚ್ಚಿರಿ. ಸೀಟನ್ನು ಇಳಿಸಿ, ಸರಿಸಿ, ಆದರೆ ಕಾರಿನ ಎಲುಬನ್ನು ಕತ್ತರಿಸಬೇಡಿ. ದೊಡ್ಡ ಬದಲಾವಣೆಗಳಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡ್ಡಿಯೂ ಇದೆ, ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಎರಡನೆಯದು, ಹಳೆಯ ತೂತುಗಳನ್ನು ಬೆಸುಗೆ ಹಾಕಿ ಮುಚ್ಚಬೇಡಿ. ಬಿರಡೆ ಹಾಕಿಡಿ. ಮನೆಯಲ್ಲಿ ಹಿರಿಯರಿದ್ದರೆ, ಅವರು ಕೇಳದಿದ್ದರೂ, ಒಂದು ದಿನ ಬಿಚ್ಚಿ ಮುಂದಕ್ಕೆ ಹಾಕಿಕೊಡಿ.

ಸಾಗರದ ಕಡೆಗೆ ಬಂದಾಗ ಮನೆಗೆ ಬನ್ನಿ. ಕಾಫಿಯೂ ಇದೆ, ಫಿಯೆಟ್ಟೂ ಇದೆ.